ಪಂಚಮಿಗೆ ಕರೆಯಲು ಹೋದ ಸೈಕಲ್ಲು

ಆ ವಸ್ತಿಗೆ ಹೆಸರಿರಲಿಲ್ಲ. ಹಾರೂಗೇರಿ ರಸ್ತೆಯಿಂದ ಒಳಗೆ ತಿರುಗುವಲ್ಲಿ ನೆಟ್ಟಿದ್ದ ತಗಡಿನ ಫಲಕದ ಮೇಲೆ ‘ಪುನರ್ವಸತಿ ಕೇಂದ್ರ’ ಎಂದು ಬರೆದಿತ್ತು. ಸುತ್ತಲಿನ ಹಳ್ಳಿಯವರು ‘ಮುಳುಗಡಿ’ ಅನ್ನುತ್ತಿದ್ದರು. ಕುಡಿಯುವ ನೀರಿಗೆ ಬೋರಿನ ಮುಂದೆ ಜಗಳವಾಡಬೇಕಾದ ಒಣ ಮಡ್ಡಿಯ ಮೇಲಿನ ಊರಿಗೆ ಮುಳುಗಡಿ ಎಂಬ ಹೆಸರು! ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಅಲ್ಲಿನ ಬಾಲವಾಡಿಗೆ ಕಲಿಸಲು ಸೇರಿ ತಿಂಗಳಾಗುವಷ್ಟರಲ್ಲಿ ಆ ಹೆಸರು ಕೇಳಿದರೆ ಸಿಟ್ಟು ಬರತೊಡಗಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷಗಳವು. ಹೊಳೆಗೆ ಅಣೆಕಟ್ಟೆ ಬರುತ್ತದೆ, ನಿಮ್ಮ ಊರು ನೀರಿನ ಗೆರೆಯೊಳಗೆ ಬೀಳುತ್ತದೆ ಎಂದು ಹೇಳಿ ಕೃಷ್ಣೆಯ ದಂಡೆಯ ಮೂರು ಊರುಗಳನ್ನು ಎಬ್ಬಿಸಿ ತಂದು ಇಲ್ಲಿ ಹಾಕಿದ್ದರು. ಜೊತೆಗೆ ನಿಪ್ಪಾಣಿ ಕಡೆ ಯಾವುದೋ ಕೆರೆಯ ಕೆಲಸಕ್ಕೆ ಮನೆ ಕಳೆದುಕೊಂಡಿದ್ದ ಮರಾಠಿ ಮಂದಿ. ಒಂದೊಂದು ಊರನ್ನು ಒಂದೊಂದು ಕಡೆ ಒಟ್ಟಿಗೇ ಇಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತೋ! ಚೀಟಿ ಎತ್ತಿ ಪ್ಲಾಟು ಹಂಚಿದರು. ಅಂಬಿಗರ ಮನೆಯ ಪಕ್ಕ ಮರಾಠರದು, ಅದರಾಚೆ ಜೈನರದು, ಎದುರಿಗೆ ಮುಸಲ್ಮಾನರದು, ಹಿಂದಿನ ಸಾಲಿನಲ್ಲಿ ಕುರುಬರದು. ಇನ್ನು ಎಲ್ಲರೂ ಕೂಡಿ ಬಾಳುತ್ತೀರಿ ಎಂದು ಚೀಟಿ ಎತ್ತಿಸಿದ ಸಾಹೇಬರು ಭಾಷಣ ಮಾಡಿದ್ದರಂತೆ. ಕೂಡಿ ಬಾಳುವುದೇನೋ ಬಾಳಿದರು. ಆದರೆ ತಲೆತಲಾಂತರದಿಂದ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದವರು ವಸ್ತಿಯ ಆ ತುದಿಗೊಬ್ಬರು ಈ ತುದಿಗೊಬ್ಬರಾದರು. ಹಳೆಯ ನೆರೆಮನೆಯಲ್ಲಿ ಕೂಸು ಹುಟ್ಟಿದ್ದು ಮರುದಿನ ಬೋರಿನ ಹತ್ತಿರ ತಿಳಿಯುತ್ತಿತ್ತು.

ನಾನು ಹಾರೂಗೇರಿಯಲ್ಲಿದ್ದೆ. ಗಂಡ ಅಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ನನ್ನ ತವರು ಶೇಡಬಾಳ. ಅಲ್ಲಿಂದ ಕಾಗವಾಡದ ಹೈಸ್ಕೂಲಿಗೆ ಹೋಗಿಬರಲು ಅಪ್ಪ ಕೊಡಿಸಿದ್ದ ಲೇಡೀಸ್ ಸೈಕಲ್ಲು ಮದುವೆಯಾದಾಗ ಭಾಂಡೆ ಸಾಮಾನಿನ ಜೊತೆ ನನ್ನ ಹಿಂದೆಯೇ ಬಂದಿತ್ತು. ದಿನಾ ಬೆಳಿಗ್ಗೆ ಅದರ ಮೇಲೆ ವಸ್ತಿಗೆ ಬರುತ್ತಿದ್ದೆ. ಹೆಂಗಸು ಸೈಕಲ್ ಹೊಡೆಯುವುದನ್ನು ನೋಡಲು ಮೊದಮೊದಲು ಹೊಲದಲ್ಲಿ ಕಳೆ ತೆಗೆಯಲು ಕುರ್ಪಿ ಹಿಡಿದವರೂ ಎದ್ದು ನಿಲ್ಲುತ್ತಿದ್ದರು. ಆಮೇಲೆ ರೂಢಿಯಾಯಿತು.

ವಸ್ತಿಯಲ್ಲಿ ಎಲ್ಲವೂ ದೂರ. ಗಿರಣಿ ದೂರ, ಡಾಕ್ಟರು ದೂರ, ಸಂತೆ ದೂರ, ಸರ್ಕಾರ ಬದಲಿಗೆ ಕೊಟ್ಟ ಹೊಲ ಇನ್ನೂ ದೂರ. ಗಂಡಸರಿಗೆ ಸೈಕಲ್ಲುಗಳಿದ್ದವು. ಹೆಂಗಸರು ಜೋಳದ ಬುಟ್ಟಿ ಹೊತ್ತು ನಡೆಯುತ್ತಿದ್ದರು. ಹೀಗಿರುವಾಗ ಒಂದು ಸಂಜೆ ನಿಪ್ಪಾಣಿ ಕಡೆಯ ಒಬ್ಬ ಮುದುಕಿ, ಮೊಮ್ಮಗನನ್ನು ಬಾಲವಾಡಿಯಿಂದ ಒಯ್ಯಲು ಬಂದವಳು, ನನ್ನ ಸೈಕಲ್ಲಿನ ಗಂಟೆ ಬಾರಿಸಿ ನೋಡಿ, “ಬಾಯಿ, ಹೇ ಮಲಾ ಶಿಕವಾ” ಅಂದಳು. ಕಲಿಸಿಕೊಡು ಎಂದು ಕೇಳುತ್ತಿದ್ದಾಳೋ ಚೇಷ್ಟೆ ಮಾಡುತ್ತಿದ್ದಾಳೋ ತಿಳಿಯಲಿಲ್ಲ. ಎಲ್ಲರೂ ಆಕೆಯನ್ನು ಮಾವಶಿ ಎಂದು ಕರೆಯುತ್ತಿದ್ದರು.

ಮಾವಶಿ ನನ್ನ ಲೇಡೀಸ್ ಸೈಕಲ್ಲನ್ನು ಮುಟ್ಟಲಿಲ್ಲ. ಮರುದಿನ ಮಗನ ದೊಡ್ಡ ಗಂಡಸರ ಸೈಕಲ್ಲನ್ನೇ ತಳ್ಳಿಕೊಂಡು ಬಂದಳು. ಆಕೆ ಉಡುತ್ತಿದ್ದುದು ಕಚ್ಚೆ ಹಾಕುವ ಸೀರೆ. ಎರಡು ಕಾಲೂ ಬೇರೆ ಬೇರೆ ಇದ್ದ ಮೇಲೆ ನಡುವಿನ ಡಂಡಿ ಅಡ್ಡ ಬಂದರೇನು? ನಾನು ಹೈಸ್ಕೂಲಿನಲ್ಲಿ ಲೇಡೀಸ್ ಸೈಕಲ್ಲೇ ಬೇಕೆಂದು ಅಪ್ಪನ ಜೊತೆ ಜಗಳವಾಡಿ ಅತ್ತಿದ್ದೆ. ಈ ಮುದುಕಿ ಒಂದು ಕಚ್ಚೆಯಲ್ಲಿ ಅದನ್ನೆಲ್ಲ ಮುಗಿಸಿದಳು. ಕ್ಯಾರಿಯರಿಗೆ ಅಡ್ಡಲಾಗಿ ಉದ್ದದ ಬಿದಿರು ಕಟ್ಟಿದೆವು, ವಾಲಿದರೆ ಬಿದಿರಿನ ತುದಿ ನೆಲಕ್ಕೆ ತಾಗಿ ಸೈಕಲ್ಲು ಪೂರ್ತಿ ಬೀಳುವುದಿಲ್ಲ. ಆದರೂ ಬಿದ್ದಳು, ಬಿದ್ದಲ್ಲೇ ಕುಳಿತು ಎಲೆ ಅಡಿಕೆ ಹಾಕಿಕೊಂಡಳು, ಎದ್ದು ಮತ್ತೆ ಹತ್ತಿದಳು.

ಅದಾದ ಮೇಲೆ ಬೇರೆಯವರೂ ಬಂದರು. ಸಂಜೆ ಬಾಲವಾಡಿಯ ಮುಂದಿನ ಬಯಲಿನಲ್ಲಿ ಧೂಳೋ ಧೂಳು. ಒಬ್ಬೊಬ್ಬರ ತಪ್ಪು ಒಂದೊಂದು ಬಗೆ. ಹುಟ್ಟಿದಾಗಿನಿಂದ ಎತ್ತಿನ ಚಕ್ಕಡಿ ಹೊಡೆದಿದ್ದ ಒಬ್ಬ ರೈತರ ಹೆಂಗಸು ಬ್ರೇಕು ಹಿಡಿಯುವ ಬದಲು ಹ್ಯಾಂಡಲ್ಲನ್ನು ಎದೆಗೆ ಎಳೆದುಕೊಂಡು “ಹೋ, ಹೋ” ಎಂದು ಕೂಗುತ್ತಿದ್ದಳು. ಸೈಕಲ್ಲು ನಿಲ್ಲದಿದ್ದಾಗ ಅದಕ್ಕೆ ಬೈಯುತ್ತಿದ್ದಳು. ವಸ್ತಿಯಲ್ಲಿ ನಗು ಕೇಳಿಸುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ಜನ ಬಾಗಿಲಲ್ಲಿ ಸುಮ್ಮನೆ ಕುಳಿತು ಕೆಳಗಿನ ಬಯಲು ನೋಡುತ್ತಿದ್ದರು, ಅಲ್ಲಿ ನೋಡುವಂಥದು ಏನೂ ಇರಲಿಲ್ಲ.

ಮಾವಶಿಯ ಪಕ್ಕದ ಮನೆಯ ಅಂಬಿಗರ ಹೆಂಗಸು ಮಾತ್ರ ನಗದೆ ನೋಡುತ್ತ ನಿಂತಿರುತ್ತಿದ್ದಳು. ನಲವತ್ತು ದಾಟಿದವಳು, ಗಂಡ ತೀರಿಕೊಂಡಿದ್ದ, ತೋಳು ಗಂಡಸಿನ ತೋಳಿನಷ್ಟು ಗಟ್ಟಿ. ಹಳೆಯ ಊರಿನಲ್ಲಿ ಗಂಡನ ಜೊತೆ ದೋಣಿ ಹಾಕುತ್ತಿದ್ದಳು. ಒಂದು ದಿನ ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದಳು.

“ಅಕ್ಕೋರ, ಇದರ ಮ್ಯಾಲ ಹೊಳಿ ಆಚಿ ದಂಡಿಗೆ ಹೋಗಾಕ ಬರತೈತೇನ್ರಿ?”

“ಬರಲಾರದೇನು? ಸೇತುವೆ ಐತಲ್ಲ. ಸುತ್ತ ಆಗತೈತಿ ಅಷ್ಟ. ಯಾಕ?”

“ಮಗಳನ್ನ ಪಂಚಮಿಗೆ ಕರಕೊಂಡ ಬರಬೇಕಾಗೇತ್ರಿ.”

ಆಕೆಗೆ ಒಬ್ಬಳೇ ಮಗಳು. ಅಥಣಿ ಕಡೆಯ ದಂಡೆಯ ಒಂದು ಊರಿಗೆ ಕೊಟ್ಟಿದ್ದಳು. ಕೊಟ್ಟಾಗ ಅದು ದೂರವಾಗಿರಲಿಲ್ಲ. ಈ ದಂಡೆಯಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ ಆ ದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತುತ್ತಿದ್ದರು. ಈಗ ಬಸ್ಸು ಹಿಡಿದು, ಇನ್ನೊಂದು ಬಸ್ಸು ಕಾದು, ಅದು ಬಿಟ್ಟಲ್ಲಿಂದ ನಡೆದು ಹೋಗಬೇಕು. ಮಳೆಗಾಲದಲ್ಲಿ ಆ ಎರಡನೆಯ ಬಸ್ಸು ಬರುವುದೇ ಇಲ್ಲ. ಪಂಚಮಿ ಬರುವುದು ಮಳೆಗಾಲದಲ್ಲೇ.

ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮಗಳು ತವರಿಗೆ ಬರಬೇಕು. ಆದರೆ ತಾನಾಗಿ ಬರುವಂತಿಲ್ಲ, ತವರಿನವರು ಹೋಗಿ ಕರೆಯಬೇಕು. ಅಣ್ಣನೋ ತಮ್ಮನೋ ಹೋಗುತ್ತಾನೆ. ಅಣ್ಣ ತಮ್ಮಂದಿರಿಲ್ಲದ ಮಗಳಿಗೆ ಓಣಿಯ ಯಾವನಾದರೊಬ್ಬ ಅಣ್ಣನಾಗುತ್ತಾನೆ. ಈಕೆಯ ಊರಿನಲ್ಲಿ ಹೊಳೆಯಾಚೆ ಕೊಟ್ಟ ಎಲ್ಲ ಹೆಣ್ಣುಮಕ್ಕಳನ್ನೂ ಕರೆದು ತರುತ್ತಿದ್ದುದು ಇವರದೇ ದೋಣಿ. ಗೌಡರ ಮಗಳಿರಲಿ ಬಡಿಗೇರ ಮಗಳಿರಲಿ, ಬುತ್ತಿ ಗಂಟು ಹಿಡಿದು ಒಂದೇ ದೋಣಿಯಲ್ಲಿ ಕುಳಿತು ಬರುತ್ತಿದ್ದರು. ತುಂಬಿದ ಹೊಳೆಯಲ್ಲಿ ಗಂಡ ಮುಂದೆ ಬಿದಿರಿನ ಜಲ್ಲೆ ಹಾಕಿದರೆ ಈಕೆ ಹಿಂದೆ ಹುಟ್ಟು ಹಾಕುತ್ತಿದ್ದಳು. ಊರಿನವರ ಮಕ್ಕಳನ್ನೆಲ್ಲ ತವರು ಮುಟ್ಟಿಸಿದವಳ ಮಗಳು ಇಲ್ಲಿಗೆ ಬಂದ ಮೇಲೆ ಒಂದು ಪಂಚಮಿಗೂ ಬಂದಿರಲಿಲ್ಲ. ಕರೆಯಲು ಹೋಗುವವರೇ ಇರಲಿಲ್ಲ. ಹಳೆಯ ಓಣಿಯ ಗಂಡಸರು ಚೀಟಿಯಲ್ಲಿ ಎತ್ತೆತ್ತಲೋ ಹೋಗಿದ್ದರು, ಅವರವರ ತಾಪತ್ರಯ ಅವರವರಿಗೆ.

“ಆಕಿ ಅತ್ತಿ ಅಂತಾಳಂತ್ರಿ, ನಿನ್ನ ತವರ ಹೊಳ್ಯಾಗ ಹೋತು, ಇನ್ನ ಯಾರ ಬರತಾರ ಅಂತ. ನನ್ನ ಮಗಳಿಗೆ ತವರ ಐತಿ ಅಂತ ತೋರಸಬೇಕ್ರಿ ಒಂದ ಸರತಿ.”

ಇಷ್ಟು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ನಾಳೆಯಿಂದಲೇ ಬಾ ಅಂದೆ.

ಬೇಸಿಗೆ ಶುರುವಾಗಿತ್ತು, ಪಂಚಮಿಗೆ ಇನ್ನೂ ಸಾಕಷ್ಟು ದಿನವಿತ್ತು. ಕಲಿಯುವುದಕ್ಕೆ ಅದು ಧಾರಾಳ ಎಂದುಕೊಂಡಿದ್ದೆ. ಆದರೆ ಆಕೆಯಷ್ಟು ಬಿದ್ದವರನ್ನು ನಾನು ನೋಡಿಲ್ಲ. ಧೈರ್ಯ ಕಡಿಮೆಯೆಂದಲ್ಲ, ಕಾಲಿನಲ್ಲಿ ಶಕ್ತಿಯಿಲ್ಲವೆಂದೂ ಅಲ್ಲ. ಸೈಕಲ್ಲು ಎಡಕ್ಕೆ ವಾಲಿದರೆ ಮೈಯನ್ನೆಲ್ಲ ಬಲಕ್ಕೆ ಎಸೆಯುತ್ತಿದ್ದಳು, ಬಲಕ್ಕೆ ವಾಲಿದರೆ ಎಡಕ್ಕೆ. ದೋಣಿಯಲ್ಲಿ ಹಾಗೆಯೇ ಮಾಡಬೇಕು. ದೋಣಿ ಒಂದು ಕಡೆ ತಗ್ಗಿದರೆ ಇನ್ನೊಂದು ಕಡೆ ಭಾರ ಹಾಕಿ ಸಮ ಮಾಡಬೇಕು, ಇಲ್ಲದಿದ್ದರೆ ಮಗುಚುತ್ತದೆ. ಸೈಕಲ್ಲಿನ ರೀತಿಯೇ ಬೇರೆ. ಅದು ಯಾವ ಕಡೆ ಬೀಳುತ್ತಿದೆಯೋ ಅದೇ ಕಡೆ ಹ್ಯಾಂಡಲ್ ಹೊರಳಿಸಿದರೆ ಎದ್ದು ನಿಲ್ಲುತ್ತದೆ.

“ಬೀಳೂ ಕಡೀನ ಹೊಳ್ಳಸು” ಎಂದು ಒದರುತ್ತಿದ್ದೆ.

“ಬೀಳೂ ಕಡಿ ಹೊಳ್ಳಸಿದ್ರ ಬೀಳಲಾರದ ಏನ್ರಿ ಅಕ್ಕೋರ? ದೋಣ್ಯಾಗ ಹಂಗ ಮಾಡಿದ್ರ ಮಂದಿ ಮುಳಗತಾರ.”

“ಇದು ದೋಣಿ ಅಲ್ಲವಾ!”

“ಅಲ್ರಿ, ಗೊತ್ತೈತ್ರಿ. ಮೈಗೆ ಗೊತ್ತಿಲ್ರಿ.”

ಮೊಣಕೈ ತರಚಿ, ಮೊಣಕಾಲು ತರಚಿ, ಗದ್ದದಲ್ಲೊಂದು ಗಾಯವಾಯಿತು. ಅರಿಸಿನ ಹಚ್ಚಿಕೊಂಡು ಮತ್ತೆ ಬರುತ್ತಿದ್ದಳು. ನಾನು ಬೈದೆ, ಸಿಟ್ಟಿನಿಂದ ಮನೆಗೆ ಹೋದೆ, ಮರುದಿನ ಮತ್ತೆ ಕಲಿಸಿದೆ. ಎಷ್ಟು ವಿವರಿಸಿದರೂ ಆಕೆಯ ಸೊಂಟ ನದಿಯ ಮೇಲೆಯೇ ಇತ್ತು. ಕೊನೆಗೊಂದು ದಿನ ಸಾಕೆನಿಸಿತು. ನಿನ್ನ ಹಣೆಯಲ್ಲಿ ಸೈಕಲ್ ಬರೆದಿಲ್ಲ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಮಾವಶಿ ಎಲೆ ಅಡಿಕೆ ಉಗುಳಿ ಎದ್ದು ಬಂದಳು.

“ಡೋಕ್ಯಾವರ ಘಾಗರ ಆಹೇ ಅಸಂ ಸಮಜೂನ ಬಸ್” ಅಂದಳು. ತಲೆಯ ಮೇಲೆ ತುಂಬಿದ ಕೊಡ ಇದೆ ಎಂದು ತಿಳಿದು ಕೂತುಕೋ. ಅಷ್ಟು ಹೇಳಿ ಸುಮ್ಮನಾಗದೆ ತನ್ನ ಮನೆಯಿಂದ ಕೊಡ ಹೊರುವ ಬಟ್ಟೆಯ ಸಿಂಬಿ ತಂದು ಆಕೆಯ ತಲೆಯ ಮೇಲಿಟ್ಟಳು. ಸಿಂಬಿ ಬೀಳಬಾರದು, ಅದಷ್ಟೇ ಕರಾರು.

ನದಿಯ ಹೆಣ್ಣಾದರೇನು, ಕೊಡ ಹೊತ್ತವಳೇ ತಾನೆ. ಸಿಂಬಿ ತಲೆಗೆ ಬಂದದ್ದೇ ತಡ, ಬೆನ್ನು ನೆಟ್ಟಗಾಯಿತು, ಸೊಂಟ ನಿಂತಿತು. ಮೈ ಅಲುಗದಂತಾದ ಮೇಲೆ ಉಳಿದದ್ದು ಕೈ ಮಾತ್ರ. ವಾಲಿದ ಕಡೆಗೆ ಕೈ ತಾನಾಗಿ ಹೊರಳಿತು. ಸೈಕಲ್ಲು ಅಂಕುಡೊಂಕಾಗಿ ಹೋಗಿ, ನೆಟ್ಟಗಾಗಿ, ಬಯಲು ದಾಟಿ ರಸ್ತೆಯ ವರೆಗೆ ಹೋಯಿತು. ಇಳಿಯುವುದನ್ನು ನಾನು ಇನ್ನೂ ಕಲಿಸಿರಲಿಲ್ಲ. ಅಲ್ಲಿ ಬೇಲಿಗೆ ಹೋಗಿ ಹೊಡೆದು ನಿಂತಳು. ಮುಖದ ತುಂಬ ಜಾಲಿಯ ಗೀರು, ಸಿಂಬಿ ಮಾತ್ರ ತಲೆಯ ಮೇಲೆ ಹಾಗೆಯೇ ಇತ್ತು. ಆ ದಿನ ಆಕೆ ನಕ್ಕಳು.

ಮಳೆಗಾಲ ಹತ್ತಿರವಾದಂತೆ ಇನ್ನೊಂದು ತಕರಾರು ಎದ್ದಿತು. ಹೆತ್ತ ತಾಯಿ ತಾನೇ ಹೋಗಿ ಮಗಳನ್ನು ಕರೆಯುವುದು ರೀತಿಯಲ್ಲ, ಅದೂ ಗಂಡಸರ ಸೈಕಲ್ ಮೇಲೆ, ಬೀಗರ ಮುಂದೆ ಮರ್ಯಾದೆ ಏನುಳಿಯುತ್ತದೆ ಎಂದು ಬೋರಿನ ಹತ್ತಿರ ಮಾತಾಯಿತು. ಹೀಗೆ ಅಂದವರಲ್ಲಿ ಒಬ್ಬರೂ ನಾನು ಹೋಗಿ ಬರುತ್ತೇನೆ ಅನ್ನಲಿಲ್ಲ. ಮಾತಾಡಲು ಎಲ್ಲರೂ ಇದ್ದಾರೆ, ಹೋಗಲು ಮಾತ್ರ ಯಾರೂ ಇಲ್ಲ ಎಂದು ನಾನು ಗಟ್ಟಿಯಾಗಿಯೇ ಅಂದೆ. ಈಕೆ ಮಾತ್ರ ಹಬ್ಬದ ತಯಾರಿಗೆ ಕುಳಿತಳು. ಶೇಂಗಾ ಹುರಿದು, ಎಳ್ಳು ಹುರಿದು, ಉಂಡಿ ಕಟ್ಟಿ ಡಬ್ಬಿ ತುಂಬಿದಳು.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಇಬ್ಬರೂ ಹೊರಟೆವು. ನನ್ನದು ನನ್ನ ಸೈಕಲ್ಲು, ಆಕೆಯದು ಮಾವಶಿಯ ಮಗನದು. ಆಕೆ ಹಿಂದಿನ ದಿನವೇ ಮಾವಶಿಯಿಂದ ಕಚ್ಚೆ ಹಾಕಿಸಿಕೊಂಡು ನೋಡಿದ್ದಳು. ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ಎರಿಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಸಿಕ್ಕಿಕೊಳ್ಳುತ್ತಿತ್ತು, ಇಳಿದು ಕಡ್ಡಿಯಿಂದ ಕೆದರಿ ಮತ್ತೆ ಹತ್ತುತ್ತಿದ್ದೆವು. ಸೇತುವೆ ಬಂದಾಗ ಆಕೆ ಇಳಿದಳು. ಕೆಳಗೆ ಹೊಳೆ ಕೆಂಪಾಗಿ, ದಂಡೆಯೇ ಇಲ್ಲದಂತೆ ಹರಿಯುತ್ತಿತ್ತು. ಹುಟ್ಟಿದಂದಿನಿಂದ ಅದರ ಮೇಲೆಯೇ ಬದುಕಿದವಳು ಅದನ್ನು ಇಷ್ಟು ಮೇಲಿನಿಂದ ನೋಡಿರಲಿಲ್ಲ. ನೀರಿನ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ ಸೈಕಲ್ಲು ತಳ್ಳಿಕೊಂಡು ಸೇತುವೆ ದಾಟಿದಳು.

ಮಗಳ ಅತ್ತೆ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಕೆಸರು ಮೆತ್ತಿದ ಕಚ್ಚೆ, ಸೈಕಲ್ಲು, ಬೆನ್ನಿಗೆ ನಾನು. ಮೇಲಿಂದ ಕೆಳಗೆ ನೋಡಿದಳು.

“ಬರ್ರಿ ಬೀಗತಿ. ಕರಿಯಾಕ ನೀವ ಬಂದ್ರ? ಗಂಡಸರ ಯಾರೂ ಸಿಗಲಿಲ್ಲೇನ್ರಿ?”

ಬೀಗತಿ ತಲೆ ತಗ್ಗಿಸಿ ನಿಂತಳು. ನನ್ನ ನಾಲಿಗೆ ತಡೆಯಲಿಲ್ಲ. “ಗಂಡಸರನ್ನೆಲ್ಲ ಸರ್ಕಾರದವರು ಚೀಟಿ ಎತ್ತಿ ಹಂಚ್ಯಾರ್ರಿ. ಇವರ ಪಾಲಿಗೆ ಬರಲಿಲ್ಲ” ಅಂದೆ. ಅತ್ತೆ ಕೈಯಲ್ಲಿದ್ದ ಮೇವನ್ನು ಎಮ್ಮೆಯ ಮುಂದೆ ಹಾಕಿ ಕೈ ಜಾಡಿಸಿಕೊಂಡಳು. ಕೆಟ್ಟ ಹೆಂಗಸಲ್ಲ ಆಕೆ, ಚುಚ್ಚಿ ಮಾತಾಡುವುದು ಆಕೆಯ ರೂಢಿ, ನನ್ನಂತೆಯೇ. ಚಹಾ ಮಾಡಿಸಿದಳು. ಸೊಸೆಗೆ ಉಡಿ ತುಂಬಿ, “ಹೋಗಿ ಬಾ, ಎಂಟ ದಿನಾ ಇದ್ದ ಬಾ” ಎಂದು ಕಳಿಸಿದಳು.

ಮಗಳು ಇಪ್ಪತ್ತರ ಹುಡುಗಿ. ತಾಯಿಯನ್ನು ಕಂಡ ಕೂಡಲೆ ಒಳಗೆ ಓಡಿಹೋಗಿ ಅತ್ತು ಬಂದಿದ್ದಳು, ಕಣ್ಣು ಕೆಂಪಾಗಿತ್ತು. ಆದರೆ ಕ್ಯಾರಿಯರಿನ ಮೇಲೆ ಕೂಡು ಅಂದರೆ ಕೂಡಲೊಲ್ಲಳು. ಓಣಿಯ ಮಂದಿ ನೋಡುತ್ತಿದ್ದರು. ಸೆರಗು ಮುಖದ ವರೆಗೆ ಎಳೆದುಕೊಂಡು ಊರು ಮುಗಿಯುವ ತನಕ ನಡೆದೇ ಬಂದಳು. ಹಳ್ಳ ದಾಟಿದ ಮೇಲೆ ಹತ್ತಿ ಕುಳಿತು ತಾಯಿಯ ನಡುವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ತಾಯಿ ದಾರಿಯುದ್ದಕ್ಕೂ ಮಾತೇ ಮಾತು. ಅಷ್ಟು ಮಾತಾಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಸೇತುವೆಯ ಮೇಲೆ ಮಗಳು ನಿಲ್ಲಿಸಲು ಹೇಳಿದಳು.

“ಅವ್ವಾ, ನಮ್ಮೂರ ಯಾ ಕಡಿ ಬರತೈತಿ?”

ತಾಯಿ ಕೈ ಎತ್ತಿ ತೋರಿಸಿದಳು. ಅಲ್ಲಿ ನೀರಿತ್ತು. ಮಗಳು ಸ್ವಲ್ಪ ಹೊತ್ತು ಹಾಗೆಯೇ ನೋಡಿ, ನಡಿ ಅವ್ವಾ ಅಂದಳು.

ಪಂಚಮಿಯ ದಿನ ನಾನೂ ವಸ್ತಿಯಲ್ಲೇ ಇದ್ದೆ. ನನ್ನನ್ನು ಕರೆಯಲು ಅಣ್ಣ ಶೇಡಬಾಳದಿಂದ ಬಂದಿದ್ದ, ನಾಳೆ ಬರುತ್ತೇನೆಂದು ಹೇಳಿ ಕಳಿಸಿದ್ದೆ. ಆ ತಾಯಿ ಮಗಳು ಹಬ್ಬ ಮಾಡುವುದನ್ನು ನೋಡಬೇಕೆಂಬ ಆಸೆ. ಕರೆಸಿಕೊಂಡದ್ದು ನಾನೇ ಏನೋ ಎಂಬಂಥ ಜಂಬವೂ ಸ್ವಲ್ಪ ಇತ್ತು.

ಜೋಕಾಲಿ ಕಟ್ಟಲು ವಸ್ತಿಯಲ್ಲಿ ಗಿಡವಿರಲಿಲ್ಲ. ಸರ್ಕಾರ ನೆಡಿಸಿದ್ದ ಸಸಿಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು, ಆಡು ಮೇಯದೆ ಬಿಟ್ಟಿದ್ದಷ್ಟು. ಹುಡುಗರು ನೀರಿನ ಟಾಕಿಯ ಕಬ್ಬಿಣದ ಕಾಲುಗಳ ನಡುವೆ ಹಗ್ಗ ಕಟ್ಟಿದ್ದರು. ಮಗಳು ಹೋಗಿ ಕುಳಿತಳು. ಎರಡು ಸಲ ಜೀಕುವಷ್ಟರಲ್ಲಿ ಮುಂದಿನ ಕಂಬ ಕಾಲಿಗೆ ಬಡಿಯುತ್ತಿತ್ತು. ಮೇಲೆ ಕಬ್ಬಿಣ ಕಿರ್ ಅನ್ನುತ್ತಿತ್ತು. ಸುತ್ತ ನಿಂತ ಹೆಂಗಸರು ಯಾರಿವಳು ಎಂಬಂತೆ ನೋಡುತ್ತಿದ್ದರು. ಯಾರ ಮಗಳು ಎಂದು ಒಬ್ಬಾಕೆ ಕೇಳಿಯೂ ಕೇಳಿದಳು. ತವರಿನಲ್ಲಿ ಆ ಪ್ರಶ್ನೆ! ಹುಡುಗಿ ಇಳಿದು ಮನೆಗೆ ಬಂದಳು.

ಮನೆಯಲ್ಲಿ ಹಸಿ ಮಣ್ಣಿನ ನಾಗಪ್ಪನನ್ನು ಮಾಡಿ ಹಲಗೆಯ ಮೇಲೆ ಕೂಡಿಸಿದ್ದರು. ಹಾಲೆರೆಯುವಾಗ ನಮ್ಮಲ್ಲಿ ಬೇಕಾದವರ ಹೆಸರು ಹೇಳಿ ಅವರವರ ಪಾಲಿನ ಹಾಲು ಹಾಕುತ್ತೇವೆ. ಮಗಳು ಕೊಬ್ಬರಿ ಬಟ್ಟಲಿನಿಂದ ತುಸು ತುಸು ಹಾಲು ಬಿಡುತ್ತ ಹೇಳತೊಡಗಿದಳು. “ಅಪ್ಪನ ಪಾಲ. ಅವ್ವನ ಪಾಲ. ಅತ್ತೀ ಪಾಲ, ಮಾವನ ಪಾಲ.” ಆಮೇಲೆ ಗೆಳತಿಯರು ಬಂದರು. “ಬಡಿಗ್ಯಾರ ಗೆಳತಿ ಪಾಲ. ಅವ್ವಾ, ಆಕಿ ಬಂದಾಳೇನ?”

“ಇಲ್ಲವಾ. ಕರಿಯಾಕ ಯಾರೂ ಹೋಗಿಲ್ಲ.”

“ಗೌಡರ ಗೆಳತಿ ಪಾಲ. ಆಕಿ?”

“ಅವರು ಇಲ್ಲಿ ಉಳೀಲಿಲ್ಲ, ಚಿಕ್ಕೋಡಿಗೆ ಹೋದ್ರು.”

“ಕುಂಬಾರ ಗೆಳತಿ?”

“ಗೊತ್ತಿಲ್ಲ. ಅವರ ಮನಿ ಆ ತುದಿಗೆ ಐತಿ.”

ಮಗಳು ಮತ್ತೆ ಹೆಸರು ಹೇಳಲಿಲ್ಲ. ಉಳಿದ ಹಾಲನ್ನೆಲ್ಲ ಒಮ್ಮೆಗೇ ಸುರಿದು ಕೈಮುಗಿದಳು.

ಸಂಜೆ ಉಂಡಿ ತಿನ್ನುತ್ತ ಮೂವರೂ ಬಾಗಿಲಲ್ಲಿ ಕುಳಿತಿದ್ದೆವು. ಪಕ್ಕದಲ್ಲಿ ಮಾವಶಿ ತನ್ನ ಮನೆಯವರ ಜೊತೆ ಮರಾಠಿಯಲ್ಲಿ ಏನೋ ಹೇಳುತ್ತಿದ್ದಳು, ಹುಡುಗಿಗೆ ತಿಳಿಯುತ್ತಿರಲಿಲ್ಲ. ಆಕೆ ಬಯಲಿನ ಕಡೆ ನೋಡುತ್ತ ಸಹಜವಾಗಿ ಅಂದಳು.

“ಅವ್ವಾ, ನಾಳೆ ನನ್ನ ಬಿಟ್ಟ ಬಾ.”

“ಎಂಟ ದಿನಾ ಇರೂದಿಲ್ಲೇನವಾ? ನಿಮ್ಮತ್ತೀನ ಹೇಳ್ಯಾಳಲ್ಲ.”

“ಇಲ್ಲಿ ನನಗ ಯಾರ ಅದಾರ? ನಿನ್ನ ನೋಡಿದೆ, ಆತು. ಅಲ್ಲಿ ಮಂದಿ ಗುರ್ತ ಆಗ್ಯಾರ, ಹಬ್ಬ ಇರತೈತಿ.”

ಸಿಟ್ಟಿನಿಂದ ಅಂದದ್ದಲ್ಲ, ದುಃಖದಿಂದಲೂ ಅಲ್ಲ. ಇದ್ದದ್ದನ್ನು ಹೇಳಿದಳು. ತಾಯಿ ಕೈಯಲ್ಲಿದ್ದ ಉಂಡಿಯನ್ನು ಡಬ್ಬಿಯಲ್ಲಿ ತಿರುಗಿ ಇಟ್ಟಳು. ನನಗೆ ಸಿಟ್ಟು ಬಂತು. ಇಷ್ಟು ತಿಂಗಳು ಮೈ ಕೈ ಕಿತ್ತುಕೊಂಡು ಕಲಿತಿದ್ದಾಳೆ, ಎರಡು ದಿನ ಇರಲಾಗುವುದಿಲ್ಲವೆ ಎಂದು ಆ ಹುಡುಗಿಯನ್ನು ಬೈಯಬೇಕೆನಿಸಿತು. ಆದರೆ ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ತವರೆಂದರೆ ಅವ್ವ ಒಬ್ಬಳೇ ಅಲ್ಲ. ಮೊದಲ ಬಾರಿಗೆ ನನಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮಾವಶಿ ಹುಡುಗಿಗೆ ಕುಂಕುಮ ಹಚ್ಚಿ ಒಂದು ಕುಬಸದ ಖಣ ಕೊಟ್ಟು, “ಪುಢಚ್ಯಾ ವರ್ಷೀ ಯೇ ಗ ಪೋರಿ” ಅಂದಳು. ಮುಂದಿನ ವರ್ಷ ಬಾ ಎಂದು. ಹುಡುಗಿ ತಿಳಿಯದಿದ್ದರೂ ಗೋಣು ಹಾಕಿದಳು. ತಾಯಿ ಮಗಳನ್ನು ಕೂಡಿಸಿಕೊಂಡು ಒಬ್ಬಳೇ ಹೊರಟಳು, ನಾನು ಶೇಡಬಾಳದ ಬಸ್ಸು ಹಿಡಿದೆ.

ವಾಪಸು ಬಂದ ಮೇಲೆ ಕೇಳಿದೆ, ಹೋಗುವಾಗ ಹೇಗಾಯಿತು ಎಂದು.

“ಛಲೋ ಆತ್ರಿ. ಊರಾಗ ಹೊಕ್ಕ ಮ್ಯಾಲೂ ಇಳಿಲಿಲ್ರಿ ಆಕಿ. ಮನೀ ಮಟಾ ಕ್ಯಾರಿಯರ್ ಮ್ಯಾಲ ಕುಂತಿದ್ಲು. ಓಣ್ಯಾಗ ನಾಕ ಮಂದಿ ಹುಡುಗ್ಯಾರು ಜೋಕಾಲಿ ಬಿಟ್ಟ ಓಡಿ ಬಂದ್ರು. ನಕ್ಕೋತ ಇಳದ್ಲು.” ಆಮೇಲೆ, “ಆಕಿಗೆ ಊರ ಸಿಕ್ಕೈತ್ರಿ” ಅಂದಳು.

ನಿನಗೆ ಎಂದು ನಾನು ಕೇಳಲಿಲ್ಲ.

ಮುಂದಿನ ಬೇಸಿಗೆಗಳಲ್ಲಿ ಇನ್ನಷ್ಟು ಹೆಂಗಸರು ಸೈಕಲ್ ಕಲಿತರು. ಈಗ ಕಲಿಸುತ್ತಿದ್ದುದು ನಾನಲ್ಲ, ಈಕೆ. ಸಿಂಬಿ ಇಟ್ಟೇ ಕಲಿಸುತ್ತಿದ್ದಳು. ಕುರುಬರ ಹೆಂಗಸರು, ಜೈನರ ಸೊಸೆಯಂದಿರು, ಬುರ್ಖಾ ತೆಗೆದು ಕಟ್ಟೆಯ ಮೇಲಿಟ್ಟು ಹತ್ತುವ ಒಬ್ಬ ಮುಸಲ್ಮಾನರ ಹೆಂಗಸು. ಗಿರಣಿಗೆ, ಸಂತೆಗೆ, ಡಾಕ್ಟರಲ್ಲಿಗೆ ಹೋಗಿ ಬರತೊಡಗಿದರು. ಬಡಿಗೇರ ತಾಯಿಯೂ ಕುಂಬಾರ ತಾಯಿಯೂ ಕಲಿತರು. ಅವರಿಗೂ ಹೊಳೆಯಾಚೆ ಮಗಳಿದ್ದಳು.

ತೊಂಬತ್ತರ ದಶಕ ಆಗಲೇ ಶುರುವಾಗಿತ್ತು. ಒಂದು ಪಂಚಮಿಯ ದಿನ ಆಕೆಗೆಂದು ನಾಲ್ಕು ಉಂಡಿ ಕಟ್ಟಿಕೊಂಡು ವಸ್ತಿಗೆ ಹೋದೆ. ಬಾಗಿಲಿಗೆ ಚಿಲಕ ಹಾಕಿತ್ತು. ಕುಂಬಾರರ ಮನೆಗೂ ಚಿಲಕ, ಬಡಿಗೇರರ ಮನೆಯಲ್ಲಿ ಗಂಡಸು ಒಬ್ಬನೇ ರೊಟ್ಟಿ ಮುರಿಯುತ್ತ ಕುಳಿತಿದ್ದ. ಟಾಕಿಯ ಕೆಳಗೆ ಹಗ್ಗವನ್ನೂ ಕಟ್ಟಿರಲಿಲ್ಲ. ಮಾವಶಿ ಒಬ್ಬಳೇ ಹೊಸ್ತಿಲ ಮೇಲಿದ್ದಳು. ಆಕೆಯ ಮಗಳು ಕೊಲ್ಹಾಪುರದಾಚೆ, ಸೈಕಲ್ಲಿಗೆ ಮುಟ್ಟುವ ದೂರವಲ್ಲ. “ಸಗಳ್ಯಾ ಗೇಲ್ಯಾ ಬಾಯಿ” ಅಂದಳು. ಎಲ್ಲರೂ ಹೋದರು. ಬೆಳಿಗ್ಗೆಯೇ ಡಬ್ಬಿಗಳನ್ನು ಕ್ಯಾರಿಯರಿಗೆ ಬಿಗಿದುಕೊಂಡು, ತಮ್ಮ ತಮ್ಮ ಮಗಳ ಊರಿಗೆ. ಹೆಣ್ಣುಮಕ್ಕಳು ಬಂದು ತುಂಬಬೇಕಾದ ದಿನ ವಸ್ತಿಯಲ್ಲಿ ಒಬ್ಬ ಮಗಳೂ ಇರಲಿಲ್ಲ, ತಾಯಂದಿರೂ ಇರಲಿಲ್ಲ. ಮಾವಶಿಯ ಜೊತೆ ಒಂದು ಉಂಡಿ ಮುರಿದು ತಿಂದೆ.

ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ತಿರುಗಿ ಬಂದರು. ತಗ್ಗು ದಿನ್ನೆಯ ರಸ್ತೆಯಲ್ಲಿ ಖಾಲಿ ಡಬ್ಬಿಗಳ ಸಪ್ಪಳ ಮೊದಲು ಕೇಳಿಸಿತು. ಅಂಬಿಗರ ಹೆಂಗಸು ಎಲ್ಲರಿಗಿಂತ ಹಿಂದೆ ಬಂದಳು. ಬೆನ್ನು ಈಗಲೂ ನೆಟ್ಟಗೆ. ಇಳಿದು ನನ್ನನ್ನು ಕಂಡು ನಿಂತಳು.

“ಮಗಳು ಹೆಂಗದಾಳ?”

“ಛಲೋ ಅದಾಳ್ರಿ. ಉಂಡಿ ಕೊಟ್ಟ ಬಂದೆ.”

“ಕರಿಲಿಲ್ಲ?”

ಆಕೆ ಕ್ಯಾರಿಯರಿನ ಹಗ್ಗ ಬಿಚ್ಚತೊಡಗಿದಳು.

“ಇಲ್ರಿ ಅಕ್ಕೋರ. ಕರದ್ರ ಬರತಾಳ. ಬಂದ್ರ ಮರುದಿನಾ ಬಿಟ್ಟ ಬಾ ಅಂತಾಳ. ನನ್ನ ಕೈಲೆ ಇನ್ನೊಮ್ಮೆ ಬಿಟ್ಟ ಬರೂದ ಆಗೂದಿಲ್ರಿ.”

ಡಬ್ಬಿ ತೆಗೆದುಕೊಂಡಳು, ಸೈಕಲ್ಲನ್ನು ಮಾವಶಿಯ ಗೋಡೆಗೆ ಆನಿಸಿದಳು, ಚಿಲಕ ತೆಗೆದು ಒಳಗೆ ಹೋದಳು.